ಕಾರ್ಡ್ ಇಲ್ಲದ ಮಗುವಿಗೆ ಲಸಿಕೆ: ವಲಸೆ ಕುಟುಂಬಗಳ ನಡುವೆ ಕೆಲಸ ಮಾಡುವವರಿಗೆ ಮಾರ್ಗದರ್ಶಿ

ಗುಳೆ ಬಂದ ಕುಟುಂಬದ ಮಗುವನ್ನು ಲಸಿಕೆಗೆಂದು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಾಗ ಎದುರಾಗುವ ಮೊದಲ ಪ್ರಶ್ನೆ ‘ತಾಯಿ ಕಾರ್ಡ್ ಎಲ್ಲಿ?’ ಎಂಬುದು. ಲಸಿಕೆಗಳ ದಾಖಲೆಯಾದ ಆ ಕಾರ್ಡ್ ಊರಿನಲ್ಲಿ ಅಜ್ಜಿಯ ಟ್ರಂಕಿನಲ್ಲಿರುತ್ತದೆ, ಇಲ್ಲವೇ ಹಿಂದಿನ ಸೈಟಿನ ಶೆಡ್ಡು ಸೋರಿದಾಗ ನೆನೆದು ಹರಿದಿರುತ್ತದೆ. ತಾಯಿ ಉತ್ತರ ತೋಚದೆ ನಿಲ್ಲುತ್ತಾಳೆ, ಸಿಸ್ಟರ್ ‘ಮುಂದಿನ ವಾರ ಕಾರ್ಡ್ ತಗೊಂಡು ಬನ್ನಿ’ ಎನ್ನುತ್ತಾರೆ, ಮುಂದಿನ ವಾರದ ಹೊತ್ತಿಗೆ ಮೇಸ್ತ್ರಿ ಆ ಕುಟುಂಬವನ್ನು ಬೇರೊಂದು ಸೈಟಿಗೆ ಕಳಿಸಿರುತ್ತಾನೆ. ವಲಸೆ ಕಾರ್ಮಿಕರ ಮಕ್ಕಳಿಗೆ ಲಸಿಕೆ ತಪ್ಪಲು ತಾಯಂದಿರ ಅಸಡ್ಡೆಯೇ ಕಾರಣ ಎಂದು ಹೊರಗಿನವರು ಹೇಳುವುದುಂಟು. ನಾನು ಶೆಡ್ಡುಗಳಲ್ಲಿ ಓಡಾಡಿ ಕಂಡ ಮಟ್ಟಿಗೆ, ಬಾಗಿಲವರೆಗೆ ಬಂದು ಕಾಗದವಿಲ್ಲದ ಕಾರಣಕ್ಕೆ ಹಿಂದಿರುಗಿದ ಮಕ್ಕಳ ಸಂಖ್ಯೆ ಏನೂ ಕಡಿಮೆಯಿಲ್ಲ.

ಆದರೆ ಕಾರ್ಡ್ ಇಲ್ಲದಿರುವುದು ಲಸಿಕೆಯನ್ನು ಮುಂದೂಡಲು ಕಾರಣವೇ ಅಲ್ಲ. ರೋಗನಿರೋಧಕ ಶಕ್ತಿಯ ಬಗ್ಗೆ ಈಗ ತಿಳಿದಿರುವುದೂ, ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ನಿಯಮಗಳೂ ಇದನ್ನೇ ಹೇಳುತ್ತವೆ. ಕಟ್ಟಡ ಕಾರ್ಮಿಕರ ಶೆಡ್ಡು, ಇಟ್ಟಿಗೆ ಭಟ್ಟಿ, ಕಬ್ಬು ಕಡಿಯುವವರ ಗುಡಿಸಲು, ಕಾಫಿ ತೋಟದ ಲೈನುಮನೆಗಳ ಬಳಿ ಕೆಲಸ ಮಾಡುವ ಸ್ವಯಂಸೇವಕರು, ಅಂಗನವಾಡಿ ಕಾರ್ಯಕರ್ತೆಯರು, ಸೈಟಿನ ಸೂಪರ್‌ವೈಸರುಗಳು ಹಾಗೂ ಪಕ್ಕದ ಅಪಾರ್ಟ್‌ಮೆಂಟುಗಳ ನಿವಾಸಿಗಳು ಒಂದು ಮಗುವಿನ ಲಸಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಗೆ ಪೂರೈಸಬಹುದು ಎಂಬುದನ್ನು ಮುಂದೆ ವಿವರಿಸಿದ್ದೇನೆ. ಯಾವ ಲಸಿಕೆ ಕೊಡಬೇಕು, ಕೊಡಬಾರದು ಎಂಬ ಅಂತಿಮ ತೀರ್ಮಾನ ಕೇಂದ್ರದ ವೈದ್ಯಾಧಿಕಾರಿಯದು. ಆ ತೀರ್ಮಾನಕ್ಕೆ ಬೇಕಾದ ಮಾಹಿತಿಯನ್ನು ಅಣಿಗೊಳಿಸಿ ಮಗುವನ್ನು ಸಮಯಕ್ಕೆ ಅಲ್ಲಿಗೆ ತಲುಪಿಸುವುದು ನಮ್ಮ ಕೆಲಸ.

ಮೊದಲ ಹೆಜ್ಜೆ: ನಿಮ್ಮ ಬಡಾವಣೆಯ ಶೆಡ್ಡುಗಳು ಪಟ್ಟಿಯಲ್ಲಿವೆಯೇ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 12ರಿಂದ 23 ತಿಂಗಳ ಮಕ್ಕಳಲ್ಲಿ ಪೂರ್ಣ ಲಸಿಕೆ ಪಡೆದವರ ಪ್ರಮಾಣ ದೇಶದಲ್ಲಿ ಶೇ. 76.4, ಕರ್ನಾಟಕದಲ್ಲಿ ಶೇ. 84.1. ಒಳ್ಳೆಯ ಅಂಕಿಯೇ. ಆದರೆ ಮನೆಗಳ ಪಟ್ಟಿ ಹಿಡಿದು ನಡೆಯುವ ಯಾವ ಎಣಿಕೆಗೂ, ಇಂದು ಇದ್ದು ಮುಂದಿನ ತಿಂಗಳು ಕಿತ್ತು ಹೋಗುವ ತಗಡಿನ ಶೆಡ್ಡು ಸುಲಭವಾಗಿ ಸಿಕ್ಕುವುದಿಲ್ಲ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಇಂಥ ಸರಾಸರಿಗಳನ್ನು ಓದಬೇಕು.

ಈ ತೊಡಕನ್ನು ಭಾರತ ಒಮ್ಮೆ ಬಿಡಿಸಿದೆ. ಪೋಲಿಯೊ ನಿರ್ಮೂಲನೆಯ ಕೊನೆಯ ವರ್ಷಗಳಲ್ಲಿ ಇಟ್ಟಿಗೆ ಭಟ್ಟಿ, ಕಟ್ಟಡದ ಸೈಟು, ಅಲೆಮಾರಿಗಳ ತಂಗುದಾಣ ಮತ್ತು ಕೊಳೆಗೇರಿಗಳನ್ನು ಹೆಚ್ಚಿನ ಅಪಾಯದ ಪ್ರದೇಶಗಳೆಂದು ಬೇರೆಯಾಗಿ ಪಟ್ಟಿಮಾಡಿ, ರೈಲು ನಿಲ್ದಾಣ, ಬಸ್ ನಿಲ್ದಾಣಗಳಲ್ಲಿ ಪ್ರಯಾಣದಲ್ಲಿರುವ ಮಕ್ಕಳಿಗೇ ಹನಿ ಹಾಕಲಾಯಿತು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಾಣಿಸಿದ ಪ್ರಕರಣವೇ ದೇಶದ ಕೊನೆಯ ಸಹಜ ಪೋಲಿಯೊ ಪ್ರಕರಣವಾಯಿತು. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತ ಪ್ರಮಾಣಪತ್ರ ದೊರೆಯಿತು. ಆ ಪಟ್ಟಿ ಮಾಡುವ ಪದ್ಧತಿ ಇಂದಿಗೂ ಉಳಿದಿದೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರವೂ ಮೈಕ್ರೊಪ್ಲಾನ್ ಎಂಬ ಯೋಜನೆಯನ್ನು ತಯಾರಿಸುತ್ತದೆ. ಯಾವ ಬೀದಿಗೆ ಯಾವ ದಿನ ಯಾರು ಹೋಗಬೇಕೆಂಬುದು ಅದರಲ್ಲಿರುತ್ತದೆ.

ಆದ್ದರಿಂದ ಮಗುವನ್ನು ಎತ್ತಿಕೊಂಡು ಓಡುವ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಸರ್ಕಾರ ನಡೆಸುವ ನಮ್ಮ ಕ್ಲಿನಿಕ್‌ಗೋ ಹೋಗಿ, ನಿಮ್ಮ ಪಕ್ಕದ ಶೆಡ್ಡುಗಳು ಆ ಯೋಜನೆಯಲ್ಲಿ ಸೇರಿವೆಯೇ ಎಂದು ವಿಚಾರಿಸಿ. ಸೇರಿಲ್ಲದಿದ್ದರೆ ಸ್ಥಳದ ಗುರುತು, ಸುಮಾರು ಎಷ್ಟು ಕುಟುಂಬಗಳು, ಐದು ವರ್ಷದೊಳಗಿನ ಮಕ್ಕಳೆಷ್ಟು, ಮೇಸ್ತ್ರಿಯ ಫೋನ್ ನಂಬರ್ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ವೈದ್ಯಾಧಿಕಾರಿಗೆ ಕೊಡಿ. ಆ ಪ್ರದೇಶದ ಆಶಾ ಕಾರ್ಯಕರ್ತೆಯ ಹೆಸರನ್ನೂ ನಂಬರನ್ನೂ ಕೇಳಿಕೊಳ್ಳಿ. ಮುಂದಿನ ಎಲ್ಲ ಕೆಲಸವೂ ಅವರ ಜೊತೆಯಲ್ಲೇ ಆಗಬೇಕು. ಅವರನ್ನು ಬಿಟ್ಟು ನಡೆಸಿದ ಶಿಬಿರ ಒಂದು ದಿನದ ಸಂಭ್ರಮವಾಗುತ್ತದೆ. ಎರಡನೇ ಡೋಸಿಗೆ ಯಾರೂ ಇರುವುದಿಲ್ಲ.

ಎರಡನೇ ಹೆಜ್ಜೆ: ತಾಯಿಯೊಡನೆ ಮಾತು

ಹೋಗುವ ಹೊತ್ತು ಮುಖ್ಯ. ಬೆಳಿಗ್ಗೆ ಎಂಟರ ಮೇಲೆ ಶೆಡ್ಡಿನಲ್ಲಿ ಸಿಗುವವರು ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡ ಎಂಟು ಹತ್ತು ವರ್ಷದ ಅಕ್ಕಂದಿರು ಮಾತ್ರ. ಸಂಜೆ ಅಡುಗೆಗೆ ಒಲೆ ಹಚ್ಚುವ ಸಮಯ ಅಥವಾ ಬಟವಾಡೆಯ ಮರುದಿನದ ರಜೆ ಒಳ್ಳೆಯದು.

ಮೊದಲು ತಿಳಿಯಬೇಕಾದುದು ಮಗುವಿನ ವಯಸ್ಸು, ಏಕೆಂದರೆ ಯಾವ ಲಸಿಕೆ ಎಂಬುದು ವಯಸ್ಸಿನ ಮೇಲೆ ನಿಂತಿದೆ. ಜನ್ಮದಿನಾಂಕ ಗೊತ್ತಿಲ್ಲದಿದ್ದರೆ ಹಬ್ಬ ಮತ್ತು ಬೆಳೆಯ ಲೆಕ್ಕ ಹಿಡಿಯಿರಿ. ರಾಯಚೂರು, ಯಾದಗಿರಿ ಕಡೆಯವರಾದರೆ ಉಗಾದಿ, ನಾಗರ ಪಂಚಮಿ, ದೀಪಾವಳಿ. ಬಿಹಾರದವರಾದರೆ ಛಟ್ ಪೂಜೆ. ಬಂಗಾಳದವರಾದರೆ ದುರ್ಗಾ ಪೂಜೆ ಅಥವಾ ಈದ್. ‘ಹಬ್ಬಕ್ಕೆ ಮುಂಚೆಯೋ, ಆಮೇಲೋ?’ ಎಂದು ಕೇಳಿದರೆ ಹದಿನೈದು ಇಪ್ಪತ್ತು ದಿನದ ಹೆಚ್ಚುಕಡಿಮೆಯಲ್ಲಿ ಉತ್ತರ ಸಿಗುತ್ತದೆ.

ಭಾಷೆಯಲ್ಲಿ ಎಚ್ಚರ ಬೇಕು. ಹಿಂದಿಯವರು ಲಸಿಕೆಯನ್ನು ಟೀಕಾ ಎನ್ನುತ್ತಾರೆ, ಉತ್ತರ ಕರ್ನಾಟಕದ ತಾಯಂದಿರು ಬರಿದೇ ‘ಸೂಜಿ’ ಎನ್ನುವುದೇ ಹೆಚ್ಚು. ದಡಾರಕ್ಕೆ ಹಿಂದಿಯಲ್ಲಿ ಖಸ್ರಾ, ಬಂಗಾಳಿಯಲ್ಲಿ ಹಾಮ್. ಆಡುವ ಭಾಷೆ ಬರುವ ನೆರೆಯ ಹೆಂಗಸೊಬ್ಬರನ್ನು ಕೂರಿಸಿಕೊಂಡರೆ ಒಳ್ಳೆಯದು, ಮೇಸ್ತ್ರಿಯನ್ನು ದುಭಾಷಿಯಾಗಿಸಬೇಡಿ. ಸಂಬಳ ಕೊಡುವವನ ಮುಂದೆ ಯಾವ ತಾಯಿಯೂ ‘ಇಲ್ಲ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ.

ಹೊಸಬರು ಎಡವುವ ಜಾಗ ಇನ್ನೊಂದಿದೆ. ‘ಮಗುವಿಗೆ ಲಸಿಕೆ ಆಗಿದೆಯೇ?’ ಎಂದು ಕೇಳಿದರೆ ‘ಎಲ್ಲಾ ಆಗಿದೆ’ ಎಂಬ ಉತ್ತರ ಬರುತ್ತದೆ, ಆಕೆ ಸುಳ್ಳನ್ನೂ ಹೇಳುತ್ತಿರುವುದಿಲ್ಲ. ಪಲ್ಸ್ ಪೋಲಿಯೊ ದಿನ ಮನೆಬಾಗಿಲಿಗೆ ಬಂದು ಹಾಕಿದ ಎರಡು ಹನಿ ಅವಳ ಮನಸ್ಸಿನಲ್ಲಿ ಲಸಿಕೆಯೇ. ಆದ್ದರಿಂದ ಬಿಡಿಸಿ ಕೇಳಬೇಕು. ಹುಟ್ಟಿದ್ದು ಆಸ್ಪತ್ರೆಯಲ್ಲೋ ಮನೆಯಲ್ಲೋ? ಒಂದೂವರೆ ತಿಂಗಳಿಗೆ ತೊಡೆಗೆ ಸೂಜಿ ಹಾಕಿದರೇ, ಅದಾದ ರಾತ್ರಿ ಜ್ವರ ಬಂದಿತ್ತೇ, ಅಂಥದ್ದು ಎಷ್ಟು ಸಲ? ಒಂಬತ್ತು ತಿಂಗಳು ತುಂಬಿದ ಮೇಲೆ ಬಲತೋಳಿಗೆ ಸೂಜಿ ಹಾಕಿ, ಬಾಯಿಗೆ ಚಮಚದಲ್ಲಿ ಔಷಧ ಕುಡಿಸಿದರೇ? ಮೊದಲನೆಯದು ಐದು ರೋಗಗಳನ್ನು ಒಟ್ಟಿಗೆ ತಡೆಯುವ ಪೆಂಟಾವೇಲೆಂಟ್, ಎರಡನೆಯದು ದಡಾರ–ರುಬೆಲ್ಲಾ ಮತ್ತು ಅದರೊಡನೆ ಕೊಡುವ ಎ ಜೀವಸತ್ವ. ಎಡತೋಳಿನ ಮೇಲ್ಭಾಗದಲ್ಲಿ ಚಿಕ್ಕ ಗುಂಡನೆಯ ಕಲೆಯಿದ್ದರೆ ಕ್ಷಯರೋಗದ ವಿರುದ್ಧದ ಬಿಸಿಜಿ ಲಸಿಕೆ ಆಗಿದೆ ಎಂದರ್ಥ. ಕಲೆ ಇಲ್ಲದಿದ್ದರೆ ಆಗಿಲ್ಲವೆಂದು ಹೇಳಲು ಬಾರದು, ಕೆಲವು ಮಕ್ಕಳಲ್ಲಿ ಕಲೆ ಮೂಡುವುದೇ ಇಲ್ಲ.

ಕೊನೆಯ ಪ್ರಶ್ನೆ: ಇಲ್ಲಿ ಇನ್ನೆಷ್ಟು ದಿನ? ದೀಪಾವಳಿ ಕಳೆದು ಬಂದು ಉಗಾದಿಗೆ ಹಿಂದಿರುಗುವ ಕುಟುಂಬಕ್ಕೂ ಎರಡು ವರ್ಷದ ಕೆಲಸಕ್ಕೆ ಬಂದವರಿಗೂ ಯೋಜನೆ ಒಂದೇ ಆಗುವುದಿಲ್ಲ.

ಮೂರನೇ ಹೆಜ್ಜೆ: ಕಳೆದ ದಾಖಲೆಯ ಹುಡುಕಾಟ, ಆದರೆ ಎರಡು ದಿನ ಮಾತ್ರ

ಕಾರ್ಡ್ ಊರಿನಲ್ಲಿದ್ದರೆ ಅಜ್ಜಿಯೋ ಚಿಕ್ಕಪ್ಪನೋ ಅದರ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಹುದು. ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿಸಿದರೆ ಉಪಕೇಂದ್ರದ ದಾಖಲೆಯಲ್ಲಿ ಹುಡುಕಿಸಿ ಹೇಳುತ್ತಾರೆ. ಕಾರ್ಡಿನ ಪ್ರತಿಭಾಗ ಅಲ್ಲಿ ಉಳಿದಿರುತ್ತದೆ. 2023ರ ಜನವರಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ ಈಗ ದೇಶದಾದ್ಯಂತ ಬಳಕೆಯಲ್ಲಿರುವ ಯು-ವಿನ್ ಎಂಬ ಆನ್‌ಲೈನ್ ಲಸಿಕಾ ದಾಖಲೆ ವ್ಯವಸ್ಥೆಯಲ್ಲಿ ಮಗುವಿನ ನೋಂದಣಿಯಾಗಿದ್ದರೆ, ಆಗ ಕೊಟ್ಟ ಮೊಬೈಲ್ ನಂಬರಿನ ಮೂಲಕ ಯಾವ ರಾಜ್ಯದ ಕೇಂದ್ರದಲ್ಲೇ ಆಗಲಿ ದಾಖಲೆ ತೆರೆಯಬಹುದು. ತೊಂದರೆಯೆಂದರೆ ಸಿಮ್ ಬದಲಾಗಿರುತ್ತದೆ, ಅಥವಾ ಆ ನಂಬರ್ ಊರಿನಲ್ಲಿರುವ ಮಾವನದಾಗಿರುತ್ತದೆ. ಹಳೆಯ ನಂಬರುಗಳನ್ನೆಲ್ಲ ಕೇಳಿ ಬರೆದುಕೊಳ್ಳಿ.

ಇಷ್ಟಕ್ಕೆ ಎರಡು ದಿನ ಸಾಕು. ಸಿಕ್ಕದಿದ್ದರೆ ಅಲ್ಲಿಗೇ ಬಿಟ್ಟು ಮುಂದಿನ ಲಸಿಕಾ ದಿನಕ್ಕೆ ಹೊರಡಿ. ಹೀಗೆ ಹೊರಡುವುದು ಏಕೆ ಸರಿ ಎಂಬುದು ಗೊತ್ತಿಲ್ಲದಿದ್ದರೆ ಕೇಂದ್ರದಲ್ಲಿ ಯಾರಾದರೂ ಪ್ರಶ್ನಿಸಿದಾಗ ಧೈರ್ಯವಾಗಿ ನಿಲ್ಲಲಾಗುವುದಿಲ್ಲ. ಹಾಗಾಗಿ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಲಸಿಕೆಯನ್ನು ದೇಹ ಹೇಗೆ ನೆನಪಿಡುತ್ತದೆ

ಪೆಂಟಾವೇಲೆಂಟ್ ಲಸಿಕೆಯಲ್ಲಿ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ (ನ್ಯೂಮೋನಿಯಾ, ಮಿದುಳುಪೊರೆಯ ಸೋಂಕು ತರುವ ಬ್ಯಾಕ್ಟೀರಿಯಾ) ಎಂಬ ಐದು ರೋಗಗಳ ವಿರುದ್ಧದ ಅಂಶಗಳಿವೆ. ಮೊದಲ ಡೋಸು ದೇಹಕ್ಕೆ ಆ ಶತ್ರುವಿನ ಪರಿಚಯ ಮಾಡಿಸುತ್ತದೆ, ಆದರೆ ರೋಗಾಣುವನ್ನು ತಡೆಯಲು ರಕ್ತದಲ್ಲಿ ಉತ್ಪತ್ತಿಯಾಗುವ ಪ್ರತಿಕಾಯಗಳು ಅಲ್ಪ. ನೆನಪಿನ ಕೋಶಗಳು ಉಳಿದುಕೊಳ್ಳುತ್ತವೆ. ಎರಡನೇ, ಮೂರನೇ ಡೋಸು ಆ ಕೋಶಗಳನ್ನು ಎಚ್ಚರಿಸಿದಾಗ ಪ್ರತಿಕಾಯದ ಪ್ರಮಾಣ ಹಲವು ಪಟ್ಟು ಏರುತ್ತದೆ. ಈ ನೆನಪು ನಾಲ್ಕು ವಾರಕ್ಕೆ ಅಳಿಯುವುದಿಲ್ಲ, ಎಂಟು ತಿಂಗಳಿಗೂ ಅಳಿಯುವುದಿಲ್ಲ. ಆದ್ದರಿಂದಲೇ ಎರಡನೇ ಡೋಸು ಎಷ್ಟು ತಡವಾದರೂ ಮೊದಲನೆಯದನ್ನು ಲೆಕ್ಕಕ್ಕೆ ಹಿಡಿದು ಮುಂದುವರಿಯಬೇಕು, ಮತ್ತೆ ಒಂದರಿಂದ ಆರಂಭಿಸಬಾರದು. ಅಂತರ ಕಡಿಮೆಯಾಗುವುದು ಮಾತ್ರ ದೋಷ. ನಾಲ್ಕು ವಾರದೊಳಗೆ ಹಾಕಿದ ಮುಂದಿನ ಡೋಸು ಪರಿಣಾಮಕಾರಿಯಾಗುವುದಿಲ್ಲ. ತಡವಾದ ಅವಧಿಯಲ್ಲಿ ಮಗು ರಕ್ಷಣೆಯಿಲ್ಲದೆ ಇರುತ್ತದೆ ಎಂಬುದು ನಿಜ, ಅಷ್ಟಕ್ಕೆ ಹಿಂದಿನ ಡೋಸು ವ್ಯರ್ಥವಾಗುವುದಿಲ್ಲ.

ದಡಾರ–ರುಬೆಲ್ಲಾ ಲಸಿಕೆಯ ಲೆಕ್ಕ ಬೇರೆ. ಅದು ಜೀವಂತ, ಆದರೆ ಬಲಗುಂದಿಸಿದ ವೈರಾಣುವಿನ ಲಸಿಕೆ. ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಇನ್ನೂ ಉಳಿದಿದ್ದರೆ ಅವು ಲಸಿಕೆಯ ವೈರಾಣುವನ್ನೇ ಅಡಗಿಸಿಬಿಡುತ್ತವೆ. ಒಂಬತ್ತು ತಿಂಗಳಿಗೆ ಹಾಕಿದಾಗ ನೂರರಲ್ಲಿ ಸುಮಾರು 85 ಮಕ್ಕಳಿಗೆ ರಕ್ಷಣೆ ದೊರೆತರೆ, ವರ್ಷ ತುಂಬಿದ ಮೇಲೆ ಹಾಕಿದಾಗ ಸುಮಾರು 95 ಮಕ್ಕಳಿಗೆ ದೊರೆಯುತ್ತದೆ. ನಮ್ಮಲ್ಲಿ ದಡಾರ ಎಳೆಗೂಸುಗಳನ್ನೂ ಕಾಡುವುದರಿಂದ ವರ್ಷದವರೆಗೆ ಕಾಯುವಂತಿಲ್ಲ. ಆದ್ದರಿಂದ 16ರಿಂದ 24 ತಿಂಗಳಲ್ಲಿ ಕೊಡುವ ಎರಡನೇ ಡೋಸನ್ನು ಬೂಸ್ಟರ್ ಎನ್ನುವುದಕ್ಕಿಂತ, ಮೊದಲ ಸಲ ಫಲಿಸದ ಮಕ್ಕಳಿಗೆ ಸಿಗುವ ಎರಡನೇ ಅವಕಾಶ ಎನ್ನುವುದು ಸರಿ. ಈಗಾಗಲೇ ರಕ್ಷಣೆ ಇರುವ ಮಗುವಿಗೆ ದಾಖಲೆಯಿಲ್ಲದೆ ಇನ್ನೊಂದು ಡೋಸು ಹೆಚ್ಚಾಗಿ ಬಿದ್ದರೆ ಏನಾಗುತ್ತದೆ? ಇರುವ ಪ್ರತಿಕಾಯಗಳು ಆ ವೈರಾಣುವನ್ನು ಅಲ್ಲೇ ತಡೆಯುತ್ತವೆ, ಅಷ್ಟೆ.

ಧನುರ್ವಾಯು ಅಂಶವಿರುವ ಲಸಿಕೆಗಳ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆಯಿದೆ. ಅವನ್ನು ಅತಿಯಾಗಿ, ಮೇಲಿಂದ ಮೇಲೆ ಹಾಕಿದರೆ ಚುಚ್ಚಿದ ಭಾಗ ದೊಡ್ಡದಾಗಿ ಬಾತು ನೋಯಬಹುದು. ಹಳೆಯ ದಾಖಲೆಗೆ ಎರಡು ದಿನವಾದರೂ ಹುಡುಕಿ ಎಂದದ್ದು ಇದಕ್ಕಾಗಿಯೇ. ಆದರೂ ಬಾತ ತೊಡೆ ಮೂರು ದಿನದಲ್ಲಿ ಇಳಿಯುತ್ತದೆ, ಗಂಟಲುಮಾರಿಗೆ ಮಕ್ಕಳು ಇಂದಿಗೂ ಸಾಯುತ್ತಾರೆ.

ವಿದ್ಯಾವಂತರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ‘ರಕ್ತಪರೀಕ್ಷೆ ಮಾಡಿಸಿ ಪ್ರತಿಕಾಯ ಇದೆಯೇ ಎಂದು ನೋಡಬಾರದೇ?’ ಎಂಬುದು. ಸಂಶೋಧಕರು ಒಂದು ಸಮುದಾಯದಲ್ಲಿ ರಕ್ಷಣೆಯ ಪ್ರಮಾಣ ಎಷ್ಟಿದೆ ಎಂದು ತಿಳಿಯಲು ಇದನ್ನು ಮಾಡುತ್ತಾರೆ, ಅದಕ್ಕೆ ಸೀರೊ ಸಮೀಕ್ಷೆ ಎನ್ನುತ್ತಾರೆ. ಒಂದು ಮಗುವಿನ ಮಟ್ಟದಲ್ಲಿ ಅದು ದುಡ್ಡು, ದಿನ ಎರಡರ ನಷ್ಟ. ಹೆಪಟೈಟಿಸ್ ಬಿ ವಿರುದ್ಧ ಲೀಟರಿಗೆ 10 ಅಂತರರಾಷ್ಟ್ರೀಯ ಯೂನಿಟ್ ಪ್ರತಿಕಾಯ ಇದ್ದರೆ ರಕ್ಷಣೆ ಇದೆ ಎನ್ನುತ್ತಾರೆ. ಆದರೆ ಪೂರ್ಣ ಡೋಸು ಪಡೆದವರಲ್ಲಿ ವರ್ಷಗಳ ಮೇಲೆ ಆ ಅಳತೆ ಕೆಳಗಿಳಿದರೂ ನೆನಪಿನ ಕೋಶಗಳು ಕಾಪಾಡುತ್ತವೆ. ನಾಯಿಕೆಮ್ಮಿಗಂತೂ ಇಷ್ಟು ಪ್ರತಿಕಾಯ ಇದ್ದರೆ ಸಾಕು ಎಂಬ ಒಪ್ಪಿತ ಅಳತೆಯೇ ಇಲ್ಲ. ಬ್ರಿಟನ್ನಿನ ಆರೋಗ್ಯ ಭದ್ರತಾ ಸಂಸ್ಥೆಯ ಮಾರ್ಗಸೂಚಿಯೂ, ದಾಖಲೆಯಾಗಲಿ ನಂಬಬಹುದಾದ ಬಾಯಿಮಾತಾಗಲಿ ಇಲ್ಲದಿದ್ದರೆ ವಲಸೆ ಬಂದವರನ್ನು ಲಸಿಕೆ ಪಡೆಯದವರೆಂದೇ ಎಣಿಸಿ ಪೂರ್ಣ ಲಸಿಕೆ ಕೊಡಬೇಕೆಂದು ಹೇಳುತ್ತದೆ.

ಶೆಡ್ಡಿನ ಬದುಕಿಗೆ ನೇರವಾಗಿ ತಾಗುವ ಇನ್ನೊಂದು ಸಂಗತಿ ವೆಲ್ಲೂರಿನಿಂದ ಬಂದದ್ದು. 1970ರ ದಶಕದಲ್ಲಿ ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಟಿ. ಜೇಕಬ್ ಜಾನ್, ಬಾಯಿಯ ಮೂಲಕ ಕೊಡುವ ಪೋಲಿಯೊ ಹನಿಗೆ ನಮ್ಮ ಮಕ್ಕಳಲ್ಲಿ ಬರುವ ಸ್ಪಂದನೆ ಶ್ರೀಮಂತ ದೇಶಗಳ ಮಕ್ಕಳಿಗಿಂತ ಕಡಿಮೆ ಎಂದು ತೋರಿಸಿದರು. ಭಾರತದ್ದೇ ಆದ ರೋಟಾ ವೈರಾಣು ಲಸಿಕೆಯ ಪರೀಕ್ಷೆಯಲ್ಲಿಯೂ ತೀವ್ರ ಭೇದಿಯ ವಿರುದ್ಧ ರಕ್ಷಣೆ ಶೇ. 55ರ ಆಸುಪಾಸಿನಲ್ಲಿ ಕಂಡಿತು. ಕರುಳಿನ ಪದೇಪದೇ ಸೋಂಕು, ಅಪೌಷ್ಟಿಕತೆ, ಇತರ ವೈರಾಣುಗಳ ಪೈಪೋಟಿ ಇವೆಲ್ಲ ಬಾಯಿ ಲಸಿಕೆಯ ಬಲ ಕುಗ್ಗಿಸುತ್ತವೆ ಎಂದು ತಜ್ಞರು ಭಾವಿಸುತ್ತಾರೆ. ಶೌಚಾಲಯವಿಲ್ಲದ, ಟ್ಯಾಂಕರ್ ನೀರು ಕುಡಿಯುವ ಜಾಗದ ಮಗುವಿಗೆ ಒಂದು ಹನಿಯೂ ತಪ್ಪಬಾರದು, ಹನಿಯ ಜೊತೆಗೆ ತೋಳಿಗೆ ಹಾಕುವ ಪೋಲಿಯೊ ಚುಚ್ಚುಮದ್ದೂ ತಪ್ಪಬಾರದು ಎಂಬುದಕ್ಕೆ ಇದೇ ಕಾರಣ.

ನಾಲ್ಕನೇ ಹೆಜ್ಜೆ: ವಯಸ್ಸಿಗೆ ತಕ್ಕ ಲೆಕ್ಕ

ವಾಡಿಕೆಯ ವೇಳಾಪಟ್ಟಿ ಹೀಗಿದೆ: ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ. ಆರು, ಹತ್ತು ಮತ್ತು ಹದಿನಾಲ್ಕನೇ ವಾರಗಳಲ್ಲಿ ಪೆಂಟಾವೇಲೆಂಟ್, ಪೋಲಿಯೊ ಹನಿ, ರೋಟಾ. ಆರು ಮತ್ತು ಹದಿನಾಲ್ಕನೇ ವಾರ ನ್ಯೂಮೋನಿಯಾ ತಡೆಯುವ ಪಿಸಿವಿ ಮತ್ತು ಪೋಲಿಯೊ ಚುಚ್ಚುಮದ್ದು. ಒಂಬತ್ತು ತಿಂಗಳಿಗೆ ದಡಾರ–ರುಬೆಲ್ಲಾ, ಪಿಸಿವಿ, ಪೋಲಿಯೊ ಚುಚ್ಚುಮದ್ದಿನ ಮೂರನೇ ಡೋಸು. 16ರಿಂದ 24 ತಿಂಗಳಲ್ಲಿ ದಡಾರ–ರುಬೆಲ್ಲಾ ಎರಡನೆಯದು ಹಾಗೂ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು) ಮತ್ತು ಪೋಲಿಯೊ ಬೂಸ್ಟರ್. ಐದಾರು ವರ್ಷಕ್ಕೆ ಮತ್ತೆ ಡಿಪಿಟಿ, ಹತ್ತು ಹಾಗೂ ಹದಿನಾರಕ್ಕೆ ಟಿಡಿ (ಧನುರ್ವಾಯು, ಗಂಟಲುಮಾರಿ).

ವಲಸೆಯ ಮಗು ಈ ಪಟ್ಟಿಗೆ ಸರಿಯಾಗಿ ಬರುವುದಿಲ್ಲ, ಆಗ ತಿಳಿದಿರಬೇಕಾದುದು ವಯಸ್ಸಿನ ಮಿತಿಗಳು. ಬಿಸಿಜಿಯನ್ನು ಒಂದು ವರ್ಷದವರೆಗೆ ಕೊಡಬಹುದು. ಪೆಂಟಾವೇಲೆಂಟ್ ಮತ್ತು ರೋಟಾದ ಮೊದಲ ಡೋಸು ವರ್ಷ ತುಂಬುವ ಮೊದಲು ಬಿದ್ದಿರಬೇಕು. ಒಂದು ಬಿದ್ದಿದ್ದರೆ ಉಳಿದವನ್ನು ಪೂರೈಸಬಹುದು. ಪೋಲಿಯೊ ಹನಿ ಮತ್ತು ದಡಾರ–ರುಬೆಲ್ಲಾ ಐದು ವರ್ಷದವರೆಗೆ, ಡಿಪಿಟಿ ಏಳು ವರ್ಷದವರೆಗೆ.

ಏಳು ತಿಂಗಳ, ಒಂದೂ ದಾಖಲೆಯಿಲ್ಲದ ಮಗುವನ್ನು ತೆಗೆದುಕೊಳ್ಳೋಣ. ಮೊದಲ ದಿನವೇ ಬಿಸಿಜಿ, ಪೋಲಿಯೊ ಹನಿ ಮತ್ತು ಚುಚ್ಚುಮದ್ದು, ಪೆಂಟಾವೇಲೆಂಟ್, ರೋಟಾ, ಪಿಸಿವಿ ಎಲ್ಲವನ್ನೂ ಬೇರೆ ಬೇರೆ ಜಾಗಗಳಲ್ಲಿ ಕೊಡಬಹುದು. ‘ಒಂದೇ ದಿನ ಇಷ್ಟು ಸೂಜಿಯೇ?’ ಎಂದು ಅಜ್ಜಿಯರು ತಕರಾರು ಮಾಡುತ್ತಾರೆ, ಆ ಸಂಕಟ ಅರ್ಥವಾಗುವಂಥದ್ದು. ಆದರೆ ಒಟ್ಟಿಗೆ ಕೊಟ್ಟರೆ ಯಾವುದರ ಬಲವೂ ಕುಂದುವುದಿಲ್ಲ, ಮತ್ತೆ ಬರುವ ಖಾತ್ರಿಯಿಲ್ಲದ ಕುಟುಂಬಕ್ಕೆ ‘ಇವತ್ತು ಒಂದು, ಮುಂದಿನ ತಿಂಗಳು ಇನ್ನೊಂದು’ ಎನ್ನುವುದು ದಯೆಯಲ್ಲ. ನಾಲ್ಕು ವಾರದ ಅಂತರದಲ್ಲಿ ಮುಂದಿನ ಡೋಸುಗಳು, ಒಂಬತ್ತು ತಿಂಗಳು ತುಂಬಿದೊಡನೆ ದಡಾರ–ರುಬೆಲ್ಲಾ.

ಒಂದೂವರೆ ವರ್ಷದ ಮಗುವಾದರೆ ಮೊದಲ ದಿನ ದಡಾರ–ರುಬೆಲ್ಲಾ, ಡಿಪಿಟಿ, ಪೋಲಿಯೊ ಹನಿ, ಎ ಜೀವಸತ್ವ. ತಿಂಗಳ ಮೇಲೆ ಎ ಜೀವಸತ್ವ ಬಿಟ್ಟು ಉಳಿದವುಗಳ ಎರಡನೇ ಡೋಸು, ಮತ್ತೊಂದು ತಿಂಗಳಿಗೆ ಡಿಪಿಟಿ ಮತ್ತು ಹನಿಯ ಮೂರನೆಯದು. ಆರು ವರ್ಷದ ಮಗುವಿಗೆ ಕಾರ್ಯಕ್ರಮದಲ್ಲಿ ಸಿಗುವುದು ಡಿಪಿಟಿ ಮಾತ್ರ, ಉಳಿದದ್ದಕ್ಕೆ ವೈದ್ಯರ ಸಲಹೆ ಕೇಳಬೇಕು. ಕೆಲಸ ಬೇಗ ಶುರುವಾದಷ್ಟೂ ಉಚಿತವಾಗಿ ಸಿಗುವ ರಕ್ಷಣೆ ಹೆಚ್ಚು.

ಮಿದುಳು ಜ್ವರದ ಲಸಿಕೆ ಎಲ್ಲ ಜಿಲ್ಲೆಯಲ್ಲೂ ಇಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ, ಮಂಡ್ಯ, ಕೋಲಾರದಂಥ ಬಾಧಿತ ಜಿಲ್ಲೆಗಳಲ್ಲಿ ಅದರ ಎರಡು ಡೋಸು ಒಂಬತ್ತು ತಿಂಗಳಿಗೆ ಮತ್ತು ಒಂದೂವರೆ ವರ್ಷದ ಸುಮಾರಿಗೆ ಬೀಳುತ್ತವೆ. ಊರಲ್ಲಿ ಮೊದಲನೆಯದು ಪಡೆದು ಬೆಂಗಳೂರಿಗೆ ಬಂದ ಮಗುವಿಗೆ ಎರಡನೆಯದು ಇಲ್ಲಿ ಸಿಗದೆ ಹೋಗಬಹುದು. ಊರಿಗೆ ಹೋದಾಗ ಹಾಕಿಸುವಂತೆ ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿಕೊಳ್ಳಿ.

ವಲಸೆ ಎಂದರೆ ಶೆಡ್ಡಿನವರದು ಮಾತ್ರವಲ್ಲವಾದ್ದರಿಂದ ಒಂದು ಮಾತು. ಮಕ್ಕಳೊಡನೆ ಅಮೆರಿಕಕ್ಕೆ ಹೋಗುವ ಕನ್ನಡ ಕುಟುಂಬಗಳಿಗೂ ಇದೇ ಕಾಗದದ ಕಾಟ ಎದುರಾಗುತ್ತದೆ. ಅಲ್ಲಿ ವರ್ಷ ತುಂಬುವ ಮೊದಲು ಪಡೆದ ದಡಾರದ ಡೋಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಾಲೆ ಮತ್ತೊಂದು ಡೋಸು ಕೇಳಿದರೆ ಗಾಬರಿಯಾಗಬೇಕಿಲ್ಲ, ಮೇಲೆ ಹೇಳಿದ 85 ಮತ್ತು 95ರ ಲೆಕ್ಕವೇ ಅದರ ಹಿಂದಿದೆ.

ಐದನೇ ಹೆಜ್ಜೆ: ಲಸಿಕಾ ದಿನ

ಕರ್ನಾಟಕದ ಹೆಚ್ಚಿನ ಕಡೆ ವಾಡಿಕೆಯ ಲಸಿಕೆ ಗುರುವಾರ. ಹೋಗುವ ಮೊದಲು ಆಶಾ ಅಥವಾ ಸಿಸ್ಟರಿಗೆ ಫೋನ್ ಮಾಡಿ ಎಷ್ಟು ಮಕ್ಕಳು, ಯಾವ ವಯಸ್ಸು ಎಂದು ತಿಳಿಸಿ. ಇದು ಬರಿಯ ಸೌಜನ್ಯವಲ್ಲ. ಬಿಸಿಜಿ ಮತ್ತು ದಡಾರ–ರುಬೆಲ್ಲಾ ಪುಡಿಯ ರೂಪದಲ್ಲಿರುತ್ತವೆ. ದ್ರಾವಣ ಬೆರೆಸಿದ ನಾಲ್ಕು ಗಂಟೆಯೊಳಗೆ ಆ ಬಾಟಲಿ ಮುಗಿಯಬೇಕು, ಉಳಿದದ್ದನ್ನು ಚೆಲ್ಲಬೇಕು. ಒಂದು ಬಾಟಲಿಯಲ್ಲಿ ಹಲವು ಮಕ್ಕಳಿಗಾಗುವಷ್ಟು ಡೋಸು ಇರುವುದರಿಂದ, ಒಂದೇ ಮಗು ಬಂದಾಗ ಸಿಬ್ಬಂದಿ ಹಿಂಜರಿಯುತ್ತಾರೆ. ನಿಯಮದ ಪ್ರಕಾರ ಒಂದು ಮಗುವಿಗಾದರೂ ಬಾಟಲಿ ತೆರೆಯಬೇಕು, ಹೀಗೆಂದು ವಿನಯದಿಂದ ನೆನಪಿಸಿ. ಅದಕ್ಕಿಂತ ಉತ್ತಮ ದಾರಿ, ಶೆಡ್ಡಿನ ನಾಲ್ಕಾರು ಮಕ್ಕಳನ್ನು ಒಟ್ಟಿಗೆ ಕರೆದೊಯ್ಯುವುದು. ಹತ್ತಿಪ್ಪತ್ತು ಮಕ್ಕಳಿದ್ದರೆ ಸೈಟಿನಲ್ಲೇ ಲಸಿಕೆ ಹಾಕಲು ವೈದ್ಯಾಧಿಕಾರಿಯನ್ನು ಕೋರಬಹುದು.

ಆಧಾರ್ ಇಲ್ಲ ಎಂಬ ಕಾರಣಕ್ಕೆ ಯಾವ ಮಗುವಿಗೂ ಯೋಜನೆಯ ಪ್ರಯೋಜನ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಿನ ಆಧಾರ್ ತೀರ್ಪಿನಲ್ಲಿ ಹೇಳಿದೆ. ಬೇರೆ ರಾಜ್ಯದವರು ಎಂಬುದೂ ಕಾರಣವಾಗದು. ನೆಗಡಿ, ಸಣ್ಣ ಜ್ವರ, ಭೇದಿ, ತೂಕ ಕಡಿಮೆ ಇರುವುದು ಇವು ಯಾವುವೂ ಲಸಿಕೆ ಮುಂದೂಡಲು ಕಾರಣಗಳಲ್ಲ. ಕೇಂದ್ರದವರು ಒಪ್ಪದಿದ್ದರೆ ಜಗಳವಾಡದೆ ವೈದ್ಯಾಧಿಕಾರಿಯನ್ನು ಕಾಣಿ, ಆಗಲೂ ಆಗದಿದ್ದರೆ 104 ಆರೋಗ್ಯ ಸಹಾಯವಾಣಿಗೆ ಕರೆಮಾಡಿ. ತಾಯಿಯ ಒಂದು ದಿನದ ಕೂಲಿ ಹೋಗುತ್ತದೆ ಎಂಬುದನ್ನು ಮರೆಯಬೇಡಿ. ಅರ್ಧ ದಿನದ ಹಾಜರಿ ಹಾಕುವಂತೆ ಮೇಸ್ತ್ರಿಯನ್ನು ಮೊದಲೇ ಒಪ್ಪಿಸಿಟ್ಟರೆ ಎರಡನೇ ಡೋಸಿಗೆ ಆಕೆ ತಾನಾಗಿಯೇ ಬರುತ್ತಾಳೆ. ಎಷ್ಟೋ ಭಾಷಣಗಳಿಂದ ಆಗದ ಕೆಲಸ ಆ ಅರ್ಧ ದಿನದ ಹಾಜರಿಯಿಂದ ಆದುದನ್ನು ನಾನು ನೋಡಿದ್ದೇನೆ.

ಲಸಿಕೆಯ ನಂತರ ಅರ್ಧ ಗಂಟೆ ಅಲ್ಲೇ ಕೂರಿಸಿ. ಪೆಂಟಾವೇಲೆಂಟ್ ಅಥವಾ ಡಿಪಿಟಿಯ ರಾತ್ರಿ ಜ್ವರ, ತೊಡೆಯ ನೋವು ಸಹಜ. ಸಿಸ್ಟರ್ ತೂಕ ನೋಡಿ ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು. ಚುಚ್ಚಿದ ಜಾಗಕ್ಕೆ ಎಣ್ಣೆ, ಅರಿಶಿನ, ಬಿಸಿ ಶಾಖ ಬೇಡ. ದಡಾರ–ರುಬೆಲ್ಲಾದ ಜ್ವರ ಅಂದೇ ಬಾರದೆ ವಾರದ ಮೇಲೆ ಬರಬಹುದು. ಬಿಸಿಜಿಯ ಗುಳ್ಳೆ ಕೆಲವು ವಾರಗಳ ನಂತರ ಎದ್ದು, ಕೀವಾಗಿ, ತಾನೇ ಒಣಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ತಾಯಿ ‘ಸೂಜಿ ಕೆಟ್ಟಿತು’ ಎಂದು ಮುಂದೆ ಯಾವುದಕ್ಕೂ ಬರುವುದಿಲ್ಲ. ಸತತ ಮೂರು ಗಂಟೆ ನಿಲ್ಲದ ಅಳು, ಫಿಟ್ಸ್, ಉಸಿರಾಟದ ತೊಂದರೆ, ಮಗು ಮಂಕಾಗಿ ಹಾಲು ಕುಡಿಯದಿರುವುದು ಕಂಡರೆ ಮಾತ್ರ ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಶೆಡ್ಡಿನಲ್ಲಿ ದಡಾರ ಕಾಣಿಸಿಕೊಂಡರೆ

2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿಯ ಸುತ್ತಮುತ್ತ ದಡಾರ ಹಬ್ಬಿ ಮಕ್ಕಳು ಸತ್ತಾಗ, ಲಸಿಕೆ ತಪ್ಪಿದ ಮಕ್ಕಳು ಒತ್ತೊತ್ತಾಗಿ ಬದುಕುವ ಜಾಗದಲ್ಲಿ ಏನಾಗುತ್ತದೆ ಎಂಬುದು ದೇಶಕ್ಕೆ ಕಂಡಿತು. ರೋಗಿ ಇದ್ದು ಹೋದ ಕೋಣೆಯ ಗಾಳಿಯಲ್ಲಿ ಈ ವೈರಾಣು ಎರಡು ಗಂಟೆಯವರೆಗೆ ಉಳಿಯಬಲ್ಲದು. ಅದನ್ನು ತಡೆಯಲು ನೂರಕ್ಕೆ 95 ಮಂದಿಗೆ ರಕ್ಷಣೆ ಇರಬೇಕು. ಹತ್ತಡಿ ಶೆಡ್ಡಿನಲ್ಲಿ ಆರು ಜನ ಮಲಗುವ ಜಾಗಕ್ಕೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ಜ್ವರದೊಡನೆ ಮೈಮೇಲೆ ಕೆಂಪು ಗಂಧೆ, ಕೆಮ್ಮು, ನೆಗಡಿ, ಕೆಂಪಾದ ಕಣ್ಣು ಕಂಡ ದಿನವೇ ಆಶಾಗೆ ತಿಳಿಸಿ. ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನ ಸೊಪ್ಪು ಕಟ್ಟಿದ್ದರೆ ಅದನ್ನು ಕೀಳಲು ಹೋಗಬೇಡಿ. ಬೇವು ಇರಲಿ, ಮಗು ವೈದ್ಯರ ಕಣ್ಣಿಗೂ ಬೀಳಲಿ ಎಂದು ಒಪ್ಪಿಸಿ. ದಡಾರದ ಮಗುವಿಗೆ ವೈದ್ಯರು ವಯಸ್ಸಿಗೆ ತಕ್ಕಂತೆ ಸತತ ಎರಡು ದಿನ ಎ ಜೀವಸತ್ವ ಕೊಡುತ್ತಾರೆ, ಅದು ಕಣ್ಣನ್ನೂ ಜೀವವನ್ನೂ ಉಳಿಸುತ್ತದೆ. ಗಂಧೆ ಎದ್ದ ಮೇಲೆ ನಾಲ್ಕು ದಿನ ಬೇರೆ ಮಕ್ಕಳಿಂದ ದೂರವಿರಿಸಿ. ಜೊತೆಗಿದ್ದ, ಲಸಿಕೆಯಾಗದ ಮಕ್ಕಳಿಗೆ 72 ಗಂಟೆಯೊಳಗೆ ಲಸಿಕೆ ಹಾಕಿಸಿದರೆ ರೋಗವನ್ನು ತಡೆಯುವ ಸಾಧ್ಯತೆಯಿದೆ. ದಡಾರ ಬಂದು ವಾಸಿಯಾದ ಮಗುವೂ ಪೂರ್ತಿ ಪಾರಾದಂತಲ್ಲ. ಲಸಿಕೆ ಪಡೆಯದ ನೆದರ್‌ಲ್ಯಾಂಡ್ಸ್‌ನ 77 ಮಕ್ಕಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಡಾರವು ಇತರ ರೋಗಗಳ ವಿರುದ್ಧ ಅವರಲ್ಲಿದ್ದ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರಷ್ಟನ್ನು ಅಳಿಸಿಹಾಕಿದ್ದು ಕಂಡುಬಂತು. ದಡಾರ ಬಂದು ಹೋದ ಮೇಲೆ ತಿಂಗಳುಗಟ್ಟಲೆ ಮಗುವಿಗೆ ಒಂದಲ್ಲ ಒಂದು ಕಾಯಿಲೆ ಎಂದು ತಾಯಂದಿರು ಹೇಳುವುದನ್ನು ಹಗುರವಾಗಿ ಕಾಣಬಾರದು.

ಗರ್ಭಿಣಿಯರು

ಶೆಡ್ಡಿನಲ್ಲಿ ಗರ್ಭಿಣಿ ಇದ್ದರೆ ಮಗುವಿನ ಲಸಿಕೆ ಅವಳಿಂದಲೇ ಶುರುವಾಗುತ್ತದೆ. ಟಿಡಿಯ ಎರಡು ಡೋಸು ನಾಲ್ಕು ವಾರದ ಅಂತರದಲ್ಲಿ ಬೀಳಬೇಕು; ಹಿಂದಿನ ಬಸಿರಿನಲ್ಲಿ ಎರಡನ್ನೂ ಪಡೆದು ಮೂರು ವರ್ಷ ಕಳೆದಿಲ್ಲವಾದರೆ ಒಂದು ಬೂಸ್ಟರ್ ಸಾಕು. ತಾಯಿಯ ಪ್ರತಿಕಾಯಗಳು ಮಾಸುಚೀಲದ ಮೂಲಕ ಕೂಸನ್ನು ಸೇರಿ ನವಜಾತ ಶಿಶುವನ್ನು ಧನುರ್ವಾಯುವಿನಿಂದ ಕಾಯುತ್ತವೆ. ನೋಂದಣಿಯಾದಾಗ ಇಲ್ಲಿಯೇ ಹೊಸ ತಾಯಿ ಕಾರ್ಡ್ ಸಿಗುತ್ತದೆ. ಹೆರಿಗೆಗೆ ಊರಿಗೆ ಹೋಗುವವರಾದರೆ ಅದನ್ನು ಒಯ್ಯಲೇಬೇಕು.

ಕೊನೆಯ ಹೆಜ್ಜೆ: ಹೊರಡುವವರ ಕೈಗೆ

ಲಸಿಕೆಯಾದ ದಿನವೇ ಕೇಂದ್ರದಲ್ಲಿ ಹೊಸ ಕಾರ್ಡ್ ಕೇಳಿ ಪಡೆಯಿರಿ, ಹಳೆಯ ಡೋಸುಗಳ ವಿಚಾರ ಗೊತ್ತಾಗಿದ್ದರೆ ಅದರಲ್ಲೇ ಬರೆಸಿ. ಯು-ವಿನ್ ನೋಂದಣಿಗೆ ಗುತ್ತಿಗೆದಾರನ ನಂಬರನ್ನು ಎಂದೂ ಕೊಡಬೇಡಿ. ಕೆಲಸ ಬಿಟ್ಟ ದಿನ ದಾಖಲೆಯೂ ಅವನ ಬಳಿಯೇ ಉಳಿದುಬಿಡುತ್ತದೆ. ಸಿಮ್ ಬದಲಿಸದ, ಊರಿನಲ್ಲೇ ಇರುವ ನೆಂಟರೊಬ್ಬರ ನಂಬರ್ ಒಳ್ಳೆಯದು, ಅದು ಯಾರದು ಎಂಬುದನ್ನು ಕಾರ್ಡಿನ ಹಿಂಬದಿಯಲ್ಲಿ ಬರೆದಿಡಿ. ಕಾರ್ಡಿನ ಎರಡೂ ಮಗ್ಗುಲಿನ ಫೋಟೊ ತೆಗೆದು ತಾಯಿಗೆ, ಅಪ್ಪನಿಗೆ, ಊರಿನ ಆ ನೆಂಟರಿಗೆ ಮೂವರಿಗೂ ಕಳಿಸಿ. ಮುಂದಿನ ಡೋಸಿನ ದಿನಾಂಕವನ್ನು ಬರೆಯುವುದರ ಜೊತೆಗೆ ‘ಸಂಕ್ರಾಂತಿ ಕಳೆದ ಮೊದಲ ಗುರುವಾರ’ ಎಂಬಂತೆ ಬಾಯಲ್ಲೂ ಹೇಳಿ, ತಾಯಿಯ ಬಾಯಿಂದ ಒಮ್ಮೆ ತಿರುಗಿ ಹೇಳಿಸಿ.

ಕುಟುಂಬ ಬೇರೆ ಊರಿಗೆ ಹೊರಟರೆ ಅಲ್ಲಿನ ಕೇಂದ್ರದಲ್ಲಿ ಏನು ಬಾಕಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕಾರ್ಡಿಗೆ ಪಿನ್ ಮಾಡಿ: ಆಗಿರುವ ಡೋಸು, ಆದ ತಾರೀಕು, ಮುಂದಿನದು ಯಾವಾಗಿನಿಂದ ಹಾಕಬಹುದು. ಲಸಿಕೆಗಳ ಹೆಸರನ್ನು ಕನ್ನಡದ ಜೊತೆಗೆ ಆ ರಾಜ್ಯದ ಸಿಬ್ಬಂದಿಗೆ ಓದಲು ಬರುವ ಲಿಪಿಯಲ್ಲೂ ಬರೆಸಿ. ರೇಷನ್ ಕಾರ್ಡ್ ಇಟ್ಟಿರುವ ಪ್ಲಾಸ್ಟಿಕ್ ಚೀಲದಲ್ಲಿಯೇ ಇದನ್ನೂ ಇಡಲು ಹೇಳಿ, ಏಕೆಂದರೆ ಶೆಡ್ಡು ಸೋರಿದ ರಾತ್ರಿ ಮೊದಲು ಎತ್ತಿಕೊಂಡು ಓಡುವ ಚೀಲ ಅದೇ.